ಡಿಟೆಕ್ಟರ್‌ಗೆ ಗ್ಯಾಸ್ ತೋರಿಸಿ ಎಷ್ಟು ದಿನವಾಯಿತು?

ಟೋಕಿಯೊ ನಗರದ ಶಿಬುಯಾದಲ್ಲಿ 2006ರಲ್ಲಿ ಶಿಯೆಸ್ಪಾ ಎಂಬ ಬಿಸಿನೀರಿನ ಸ್ನಾನಗೃಹ ತೆರೆಯಿತು. ಹೆಂಗಸರಿಗೆಂದೇ ಕಟ್ಟಿದ ಐಷಾರಾಮಿ ತಾಣ ಅದು. ಸುಮಾರು ಒಂದೂವರೆ ಕಿಲೋಮೀಟರ್ ಆಳದ ಕೊಳವೆಬಾವಿಯಿಂದ ಬಿಸಿನೀರು ಮೇಲೆತ್ತಿ, ಪಕ್ಕದ ಬೇರೊಂದು ಸಣ್ಣ ಕಟ್ಟಡದ ನೆಲಮಾಳಿಗೆಯಲ್ಲಿ ಸಂಸ್ಕರಿಸಿ ಸ್ನಾನದ ಕೊಳಗಳಿಗೆ ಹರಿಸುತ್ತಿದ್ದರು. ಅದೇ ಸಣ್ಣ ಕಟ್ಟಡದ ಮೇಲಂತಸ್ತಿನಲ್ಲಿ ಕೆಲಸದವರು ಬಟ್ಟೆ ಬದಲಿಸುವ, ವಿಶ್ರಮಿಸುವ ಕೋಣೆಗಳಿದ್ದವು. 2007ರ ಜೂನ್ 19ರ ಮಧ್ಯಾಹ್ನ ಆ ಕಟ್ಟಡ ಸಿಡಿಯಿತು. ಉಕ್ಕಿನ ಚೌಕಟ್ಟು ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಮೂವರು ಹೆಣ್ಣುಮಕ್ಕಳು ಸತ್ತರು.

ಸಿಡಿದದ್ದು ಮೀಥೇನ್. ಆಳದ ಬಿಸಿನೀರಿನಲ್ಲಿ ಕರಗಿ ಬರುತ್ತಿದ್ದ ಅನಿಲವನ್ನು ನೆಲಮಾಳಿಗೆಯಲ್ಲಿ ನೀರಿನಿಂದ ಬೇರ್ಪಡಿಸಿ, ಕೊಳವೆಯೊಂದರ ಮೂಲಕ ಹೊರಗೆ ಬಿಡುವ ವ್ಯವಸ್ಥೆ ಇತ್ತು. ಆ ಕೊಳವೆಯೊಳಗೆ ಆವಿ ತಣಿದು ನೀರಾಗಿ ನಿಲ್ಲುತ್ತಿತ್ತು. ನಿಂತ ನೀರನ್ನು ಆಗಾಗ ಹೊರಬಿಡಬೇಕಿತ್ತು, ಬಿಡಲಿಲ್ಲ. ದಾರಿ ಕಟ್ಟಿಕೊಂಡಿತು, ಅನಿಲ ಹಿಂದಿರುಗಿ ನೆಲಮಾಳಿಗೆಯನ್ನು ತುಂಬಿತು. ಮೀಥೇನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಆ ಕೋಣೆಯಲ್ಲಿ ಗ್ಯಾಸ್ ಡಿಟೆಕ್ಟರ್ ಕೂಡ ಇರಲಿಲ್ಲ. ಅದೇ ವರ್ಷ ಜಪಾನ್ ತನ್ನ ಬಿಸಿನೀರಿನ ಬುಗ್ಗೆಗಳ ಕಾನೂನನ್ನೇ ತಿದ್ದಿ, ಮರುವರ್ಷದಿಂದ ಹೊತ್ತಿಕೊಳ್ಳುವ ಅನಿಲದ ವಿರುದ್ಧ ಸುರಕ್ಷತಾ ಕ್ರಮಗಳನ್ನು ಕಡ್ಡಾಯ ಮಾಡಿತು.

ಈ ಅವಘಡ ಜಪಾನಿನಲ್ಲಿ ಆಯಿತೆಂಬುದೇ ಹೆಚ್ಚು ಕಳವಳ ತರುವ ಮಾತು. ಮನೆಬಳಕೆಯ ಅಗ್ಗದ ಗ್ಯಾಸ್ ಸೆನ್ಸರ್‌ನ ತವರು ಆ ದೇಶ. ತವರದ ಆಕ್ಸೈಡ್‌ನ ಪುಟ್ಟ ತುಣುಕೊಂದನ್ನು ಕಾಯಿಸಿದರೆ, ಅಡುಗೆ ಅನಿಲ ತಗುಲಿದಾಗ ಅದರ ವಿದ್ಯುತ್ ರೋಧ ಥಟ್ಟನೆ ಇಳಿಯುತ್ತದೆ ಎಂಬುದನ್ನು ಬಳಸಿಕೊಂಡು ನಾವೊಯೊಷಿ ತಾಗುಚಿ 1962ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಆ ಸೆನ್ಸರ್ ತಯಾರಿಸಲು 1969ರಲ್ಲಿ ಫಿಗಾರೊ ಕಂಪನಿ ಹುಟ್ಟಿತು. 1980ರ ಆಗಸ್ಟ್‌ನಲ್ಲಿ ಶಿಜುವೋಕಾ ರೈಲು ನಿಲ್ದಾಣದ ಎದುರಿನ ನೆಲದಡಿಯ ಅಂಗಡಿ ಸಾಲಿನಲ್ಲಿ ಗ್ಯಾಸ್ ಸ್ಫೋಟಿಸಿ 15 ಮಂದಿ ಸತ್ತು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡ ಮೇಲೆ, ಅಂಥ ನೆಲದಡಿಯ ಮಳಿಗೆಗಳಲ್ಲಿ ಗ್ಯಾಸ್ ಸೋರಿಕೆ ಎಚ್ಚರಿಕೆಯ ವ್ಯವಸ್ಥೆ ಕಡ್ಡಾಯವೂ ಆಗಿತ್ತು. ಇಷ್ಟೆಲ್ಲ ಇದ್ದೂ ಒಂದು ನೆಲಮಾಳಿಗೆ ಕಣ್ತಪ್ಪಿತು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. 2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ದೇವಸ್ಥಾನವೊಂದರ ಕೋಣೆಯಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದಾಗ ಸಿಲಿಂಡರ್‌ನಿಂದ ಅಡುಗೆ ಅನಿಲ ಸೋರಿ ಹೊತ್ತಿಕೊಂಡಿತು. ಒಂಬತ್ತು ಮಂದಿ ಸುಟ್ಟ ಗಾಯಗಳೊಂದಿಗೆ ಕಿಮ್ಸ್ ಆಸ್ಪತ್ರೆ ಸೇರಿದರು. ಮುಂದಿನ ದಿನಗಳಲ್ಲಿ ಅವರಲ್ಲಿ ಹೆಚ್ಚಿನವರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಶಬರಿಮಲೆ ಯಾತ್ರೆಗೆ ವ್ರತ ಹಿಡಿದವರು ಅವರು.

ಸಿಲಿಂಡರ್ ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರಲ್ಲ, ಸೋರಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎಚ್ಚರವಿದ್ದವರಿಗೆ ಗೊತ್ತಾಗುತ್ತದೆ. 1937ರ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯ ನೆಲದಡಿಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಶೇಖರವಾಗಿ ಸಿಡಿದು, ಮುನ್ನೂರರ ಸಮೀಪ ಜನ ಸತ್ತರು. ಹೆಚ್ಚಿನವರು ಮಕ್ಕಳು. ಗ್ಯಾಸ್‌ಗೆ ಮರ್ಕ್ಯಾಪ್ಟನ್ ಎಂಬ ಗಂಧಕದ ಘಾಟು ಬೆರೆಸುವ ಪದ್ಧತಿ ಕಾನೂನಾಗಿ ಬಲಗೊಂಡದ್ದು ಆ ದುರಂತದ ನಂತರ. ಆದರೆ ಗಾಢ ನಿದ್ದೆಯಲ್ಲಿರುವವರನ್ನು ವಾಸನೆ ಎಬ್ಬಿಸುವುದಿಲ್ಲ, ಸದ್ದು ಎಬ್ಬಿಸುತ್ತದೆ. ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಕೋವಿಡ್ ಬಂದು ಹೋದ ಮೇಲೆ ತಿಂಗಳುಗಟ್ಟಲೆ ವಾಸನೆಯೇ ತಿಳಿಯದವರು ಪ್ರತಿ ಬೀದಿಯಲ್ಲೂ ಸಿಕ್ಕರು. ಇನ್ನು ಬೀಗ ಹಾಕಿದ ಹೋಟೆಲ್ ಅಡುಗೆಮನೆಯಲ್ಲಿ ರಾತ್ರಿ ವಾಸನೆ ಹಿಡಿಯಲು ಯಾರೂ ಇರುವುದಿಲ್ಲ. ಗೋಡೆಗೆ ಕೂರಿಸಿದ ಡಿಟೆಕ್ಟರ್ ಬೇಕಾಗುವುದು ಈ ಹೊತ್ತುಗಳಿಗೆ.

ಬೇಕೆಂದು ತಂದು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ಗ್ಯಾಸ್, ಎಷ್ಟು ಎತ್ತರದಲ್ಲಿ, ಎಂಥ ಸೆನ್ಸರ್, ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ? ಈ ನಾಲ್ಕಕ್ಕೂ ಉತ್ತರವಿಲ್ಲದ ಡಿಟೆಕ್ಟರ್, ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ಅದನ್ನು ನಂಬಿ ಜನ ತಮ್ಮ ಎಚ್ಚರವನ್ನು ಸಡಿಲಿಸುತ್ತಾರೆ.

ಮೊದಲು ಎತ್ತರದ ಲೆಕ್ಕ. ಸಿಲಿಂಡರ್‌ನಲ್ಲಿರುವ ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯೂಟೇನ್ ಸುಮಾರು ಎರಡು ಪಟ್ಟು ಭಾರ. ಸೋರಿದ ಎಲ್‌ಪಿಜಿ ಚೆಲ್ಲಿದ ನೀರಿನಂತೆ ನೆಲಕ್ಕಿಳಿದು, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಮೋರಿ, ಕೇಬಲ್ ಹಾಸಿದ ಗುಂಡಿ, ನೆಲಮಾಳಿಗೆಯ ಮೆಟ್ಟಿಲು ಎಲ್ಲವೂ ಅದಕ್ಕೆ ದಾರಿ. ಪೈಪಿನಲ್ಲಿ ಬರುವ ಪಿಎನ್‌ಜಿ ಬಹುಪಾಲು ಮೀಥೇನ್. ಅದರ ತೂಕ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದು ಮೇಲಕ್ಕೇರಿ ಸೂರಿನ ಕೆಳಗೆ, ತೊಲೆಗಳ ನಡುವಿನ ಗೂಡುಗಳಲ್ಲಿ, ಫಾಲ್ಸ್ ಸೀಲಿಂಗ್‌ನ ಮೇಲ್ಗಡೆ ಸೇರಿಕೊಳ್ಳುತ್ತದೆ. ಹಾಗಾಗಿ ಎಲ್‌ಪಿಜಿ ಡಿಟೆಕ್ಟರ್‌ನ ಜಾಗ ನೆಲದಿಂದ ಸುಮಾರು ಒಂದಡಿ ಎತ್ತರ. ಪಿಎನ್‌ಜಿಯದ್ದು ಸೂರಿನಿಂದ ಸುಮಾರು ಒಂದಡಿ ಕೆಳಗೆ.

ದಾಭೋಲ್‌ನಿಂದ ಬೆಂಗಳೂರಿಗೆ ಗೇಲ್‌ನ ಪೈಪ್‌ಲೈನ್ 2013ರಲ್ಲಿ ಬಂತು. ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಎರಡೂ ನಗರಗಳಲ್ಲಿ ಒಂದೊಂದೇ ಅಪಾರ್ಟ್‌ಮೆಂಟ್ ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್‌ಗೆ ಬದಲಾಗುತ್ತಿದೆ. ಒಲೆಯ ಬರ್ನರ್‌ನ ನಳಿಕೆ ಬದಲಿಸಲು ಮಿಸ್ತ್ರಿ ಬರುತ್ತಾನೆ, ಮೀಟರ್ ಕೂರಿಸಲು ಇನ್ನೊಬ್ಬ ಬರುತ್ತಾನೆ. ಡಿಟೆಕ್ಟರ್ ಇದ್ದ ಮನೆಗಳಲ್ಲಿ ಅದನ್ನು ನೆಲದ ಬಳಿಯಿಂದ ಕಿತ್ತು ಸೂರಿನ ಬಳಿಗೆ ಏರಿಸುವವರು ಯಾರು? ಆ ಕೆಲಸ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನೆಲದಿಂದ ಒಂದಡಿ ಮೇಲಿರುವ ಡಿಟೆಕ್ಟರ್‌ಗೆ ಮೀಥೇನ್ ತಲುಪುವ ಹೊತ್ತಿಗೆ ಕೋಣೆಯ ಮೇಲರ್ಧ ತುಂಬಿರುತ್ತದೆ. ಎತ್ತರ ಬದಲಿಸಿದರೂ ಸಾಲದು, ಹೊಸ ಗ್ಯಾಸ್‌ಗೆ ಹೊಂದಿಸಿ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಒಂದೇ ಸೆನ್ಸರ್ ಮೀಥೇನ್‌ಗೂ ಪ್ರೊಪೇನ್‌ಗೂ ಒಂದೇ ಅಳತೆಯಲ್ಲಿ ಸ್ಪಂದಿಸುವುದಿಲ್ಲ.

ಸೋರಿದ ಗ್ಯಾಸ್ ಎಷ್ಟಿದ್ದರೆ ಅಪಾಯ ಎಂಬುದನ್ನೂ ಕೊಂಚ ಲೆಕ್ಕ ಹಾಕಿ ನೋಡಬೇಕು. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ 2ಕ್ಕೆ ಏರಿದರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಮೀಥೇನ್ ಸುಮಾರು ಶೇ 5ಕ್ಕೆ. ಈ ಕನಿಷ್ಠ ಮಿತಿಗೆ ಡಿಟೆಕ್ಟರ್ ಲೋಕದವರು ಎಲ್‌ಇಎಲ್ ಎನ್ನುತ್ತಾರೆ. ಹತ್ತಡಿ ಉದ್ದ, ಎಂಟಡಿ ಅಗಲದ ಸಾಧಾರಣ ಅಡುಗೆಮನೆ ಇದೆ ಎಂದುಕೊಳ್ಳಿ. ಇಡೀ ಕೋಣೆಯ ಗಾಳಿ ಶೇ 2 ತಲುಪಲು ಸುಮಾರು ಒಂದು ಕಿಲೋ ಗ್ಯಾಸ್ ಬೇಕು. ಆದರೆ ಎಲ್‌ಪಿಜಿ ಸಮನಾಗಿ ಹರಡುವುದಿಲ್ಲ, ಕೆಳಗೆ ನಿಲ್ಲುತ್ತದೆ. ನೆಲದ ಮೇಲಿನ ಒಂದಡಿ ಪದರವಷ್ಟೇ ಆ ಮಿತಿ ಮುಟ್ಟಲು ನೂರು ಗ್ರಾಂ ಗ್ಯಾಸ್ ಸಾಕು. ಮನೆಗೆ ಬರುವ ಸಿಲಿಂಡರ್‌ನಲ್ಲಿ ಇರುವುದು 14.2 ಕಿಲೋ. ಹೋಟೆಲಿನ ಹಿಂಬದಿಯಲ್ಲಿ 19 ಕಿಲೋದ ಸಿಲಿಂಡರ್‌ಗಳು ಸಾಲಾಗಿ ಮ್ಯಾನಿಫೋಲ್ಡ್‌ಗೆ ಜೋಡಿಸಿಕೊಂಡು ನಿಂತಿರುತ್ತವೆ. ಫ್ರಿಜ್‌ನ ಕಂಪ್ರೆಸರ್, ಗ್ರೈಂಡರ್‌ನ ಮೋಟಾರು ಇರುವುದೂ ಆ ಕೆಳಪದರದಲ್ಲೇ.

ಆದ್ದರಿಂದಲೇ ಡಿಟೆಕ್ಟರ್‌ಗಳನ್ನು ಎಲ್‌ಇಎಲ್ ಮುಟ್ಟುವ ತನಕ ಕಾಯಲು ಬಿಡುವುದಿಲ್ಲ. ಎಲ್‌ಇಎಲ್‌ನ ಶೇ 10 ಅಥವಾ 20ಕ್ಕೆ ಮೊದಲ ಎಚ್ಚರಿಕೆ, ಶೇ 40 ಅಥವಾ 50ಕ್ಕೆ ಎರಡನೆಯದು ಎಂದು ಹೊಂದಿಸುವುದು ವಾಡಿಕೆ. ಮೊದಲನೆಯದಕ್ಕೆ ದೀಪ ಮಿನುಗಿ, ಹೂಟರ್ ಕೂಗಬೇಕು. ಎರಡನೆಯದಕ್ಕೆ ಮನುಷ್ಯರ ಅಪ್ಪಣೆ ಕಾಯದೆ ಸೊಲೆನಾಯ್ಡ್ ವಾಲ್ವ್ ಮುಚ್ಚಿ ಗ್ಯಾಸ್ ನಿಲ್ಲಬೇಕು. ಆ ವಾಲ್ವ್ ಕಟ್ಟಡದ ಹೊರಗೆ, ಗ್ಯಾಸ್ ಒಳಬರುವ ಜಾಗದಲ್ಲಿರಬೇಕು. ಎಕ್ಸಾಸ್ಟ್ ಫ್ಯಾನನ್ನೂ ಇದಕ್ಕೇ ಜೋಡಿಸುವುದಾದರೆ ಅದು ಕಿಡಿ ಹಾರಿಸದ ಜಾತಿಯದ್ದಾಗಿರಬೇಕು. ಮಾಮೂಲಿ ಫ್ಯಾನ್ ಚಾಲೂ ಮಾಡಿ ಗ್ಯಾಸ್ ಹೊರಹಾಕಲು ಹೋಗಿ, ಸ್ವಿಚ್ಚಿನ ಕಿಡಿಯಿಂದಲೇ ಅನಾಹುತವಾಗುತ್ತದೆ.

ಜಾಗ ಆರಿಸುವಾಗ ನಡೆಯುವ ದೊಡ್ಡ ತಪ್ಪು, ವೈರ್ ಎಳೆಯಲು ಸುಲಭವಾದ ಕಡೆ ಡಿಟೆಕ್ಟರ್ ಕೂರಿಸುವುದು. ಸೋರುವ ಸಾಧ್ಯತೆ ಇರುವುದು ಎಲ್ಲಿ ಎಂಬುದು ಮೊದಲ ಪ್ರಶ್ನೆಯಾಗಬೇಕು. ರೆಗ್ಯುಲೇಟರ್, ರಬ್ಬರ್ ಹೋಸ್ ಸೇರುವ ಜಾಗ, ವಾಲ್ವ್, ಪೈಪಿನ ಜೋಡಣೆಗಳು. ಅಲ್ಲಿಂದ ಹೊರಟ ಗ್ಯಾಸ್ ಗಾಳಿಯ ಜೊತೆ ಎತ್ತ ಹೋಗುತ್ತದೆ ಎಂಬುದು ಎರಡನೆಯದು. ಕಿಟಕಿಯ ಬಳಿ, ಫ್ಯಾನಿನ ಎದುರು ಕೂರಿಸಿದ ಡಿಟೆಕ್ಟರ್‌ಗೆ ಹೊರಗಿನ ಶುದ್ಧ ಗಾಳಿಯೇ ಸಿಗುತ್ತಿರುತ್ತದೆ. ಒಲೆಯ ನೆತ್ತಿಯ ಮೇಲೆ ಕೂರಿಸಿದರೆ ಒಗ್ಗರಣೆಯ ಹೊಗೆ, ಎಣ್ಣೆಯ ಆವಿ, ಕಾವು ಮೂರೂ ಸೇರಿ ಅದನ್ನು ಕೆಡಿಸುತ್ತವೆ. ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಮುಂದಿನ ಹತ್ತು ವರ್ಷ ಅದೇ ಮುಖ್ಯವಾಗುತ್ತದೆ: ಪರೀಕ್ಷೆ ಮಾಡುವವನ ಕೈ ಅಲ್ಲಿಗೆ ಎಟಕುತ್ತದೆಯೇ? ಇಪ್ಪತ್ತಡಿ ಎತ್ತರದಲ್ಲಿ, ಏಣಿ ನಿಲ್ಲದ ಮೂಲೆಯಲ್ಲಿ ಕೂರಿಸಿದ ಡಿಟೆಕ್ಟರ್ ಕಾಗದದ ಮೇಲಷ್ಟೇ ಪರೀಕ್ಷೆಯಾಗುತ್ತದೆ.

ಹೋಟೆಲ್ ಅಡುಗೆಮನೆಯಲ್ಲಿ ಇದೆಲ್ಲ ಇನ್ನೂ ಕಷ್ಟ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಹುಡುಗರು ಪೈಪ್ ಹಿಡಿದು ನೆಲ ತೊಳೆಯುತ್ತಾರೆ. ನೆಲದಿಂದ ಒಂದಡಿ ಮೇಲಿರುವ ಡಿಟೆಕ್ಟರ್‌ಗೆ ಆ ನೀರೆಲ್ಲ ಸಿಡಿಯುತ್ತದೆ. ನೀರು ತಡೆಯುವ ತಗಡಿನ ಕವಚ ಬೇಕು, ಆದರೆ ಅದು ಗ್ಯಾಸನ್ನು ತಡೆಯಬಾರದು. ಸೆನ್ಸರ್‌ನ ಮುಂಭಾಗದಲ್ಲಿ ಲೋಹದ ಪುಡಿಯನ್ನು ಒತ್ತಿ ಮಾಡಿದ, ಸಣ್ಣ ಸಣ್ಣ ರಂಧ್ರಗಳ ಬಿಲ್ಲೆಯೊಂದಿರುತ್ತದೆ. ಗ್ಯಾಸ್ ಅದರ ಮೂಲಕ ಒಳಗೆ ಹೋಗುತ್ತದೆ, ಒಳಗಿನ ಬೆಂಕಿ ಹೊರಗೆ ಬರುವುದಿಲ್ಲ. ವಡೆ, ಬೋಂಡ ಕರಿದ ಎಣ್ಣೆಯ ಜಿಡ್ಡು ಕೆಲವು ತಿಂಗಳಲ್ಲಿ ಆ ಬಿಲ್ಲೆಯ ಮೇಲೆ ಕಂದು ಬಣ್ಣದ ಪದರವಾಗಿ ಕೂರುತ್ತದೆ. ಬೆರಳಿನಿಂದ ಮುಟ್ಟಿದರೆ ಅಂಟುತ್ತದೆ. ರಂಧ್ರ ಮುಚ್ಚಿದ ಮೇಲೆ ಕೋಣೆಯಲ್ಲಿ ಎಷ್ಟೇ ಗ್ಯಾಸ್ ಇರಲಿ, ಒಳಗಿನ ಸೆನ್ಸರ್‌ಗೆ ಅದು ತಲುಪುವುದೇ ಇಲ್ಲ. ದಸರಾ, ದೀಪಾವಳಿಗೆ ಗೋಡೆಗೆ ಸುಣ್ಣಬಣ್ಣ ಹೊಡೆಯುವಾಗ ಡಿಟೆಕ್ಟರ್‌ಗೂ ಸೇರಿಸಿ ಬಳಿದುಬಿಡುವುದುಂಟು. ಹೊಸ ಕಟ್ಟಡಗಳಲ್ಲಿ ಧೂಳು ಬೀಳದಿರಲೆಂದು ಕಟ್ಟಿದ ಪ್ಲಾಸ್ಟಿಕ್ ಚೀಲ, ಗೃಹಪ್ರವೇಶ ಆದ ಮೇಲೂ ಹಾಗೆಯೇ ಉಳಿದಿರುತ್ತದೆ.

ಹೊತ್ತಿಕೊಳ್ಳುವ ಗ್ಯಾಸ್‌ಗೆ ಬಹಳ ಕಡೆ ಬಳಸುವುದು ಕ್ಯಾಟಲಿಟಿಕ್ ಸೆನ್ಸರ್. ಕೂದಲೆಳೆಯಷ್ಟು ತೆಳು ಪ್ಲಾಟಿನಂ ತಂತಿಯ ಸುರುಳಿ, ಅದರ ಮೇಲೆ ವೇಗವರ್ಧಕ ಲೇಪಿಸಿದ ಪುಟ್ಟ ಮಣಿ. ವಿದ್ಯುತ್ತಿನಿಂದ ಮಣಿ ಸದಾ ಕಾದಿರುತ್ತದೆ. ಗ್ಯಾಸ್ ಬಂದರೆ ಮಣಿಯ ಮೇಲೆ ಸದ್ದಿಲ್ಲದೆ ಉರಿಯುತ್ತದೆ, ಕಾವು ಏರುತ್ತದೆ, ತಂತಿಯ ರೋಧ ಬದಲಾಗುತ್ತದೆ. ಪಕ್ಕದಲ್ಲೇ ವೇಗವರ್ಧಕವಿಲ್ಲದ ಇನ್ನೊಂದು ಮಣಿ ಇದ್ದು, ಎರಡರ ನಡುವಿನ ವ್ಯತ್ಯಾಸ ಎಲ್‌ಇಎಲ್‌ನ ಶೇಕಡಾವಾರು ಲೆಕ್ಕದಲ್ಲಿ ಪ್ಯಾನಲ್ ಮೇಲೆ ಮೂಡುತ್ತದೆ. ಸರಳ, ಗಟ್ಟಿಮುಟ್ಟಾದ ಉಪಾಯ. ಆದರೆ ಮಣಿಯ ಮೇಲೆ ಗ್ಯಾಸ್ ಉರಿಯಲು ಆಮ್ಲಜನಕ ಬೇಕು. ಕೋಣೆಯೆಲ್ಲ ಗ್ಯಾಸ್ ತುಂಬಿ ಗಾಳಿಯೇ ವಿರಳವಾದರೆ ಮುಳ್ಳು ಏರುವ ಬದಲು ಇಳಿಯಬಹುದು.

ಅದಕ್ಕಿಂತ ದೊಡ್ಡ ಕುಂದು ಇನ್ನೊಂದಿದೆ. ಸಿಲಿಕೋನ್, ಸೀಸ, ಗಂಧಕದ ಕೆಲವು ಆವಿಗಳು ಈ ಮಣಿಗೆ ವಿಷ. ಕಿಟಕಿಯ ಗಾಜಿಗೆ ಹಚ್ಚುವ ಸಿಲಿಕೋನ್ ಸೀಲಂಟ್, ಕೆಲವು ಪಾಲಿಶ್‌ಗಳು, ಯಂತ್ರಕ್ಕೆ ಸಿಂಪಡಿಸುವ ಸಿಲಿಕೋನ್ ಸ್ಪ್ರೇ, ಇಷ್ಟು ಸಾಕು ವೇಗವರ್ಧಕವನ್ನು ಮುಚ್ಚಿಹಾಕಲು. ವಿಷವೇರಿದ ಮಣಿ ಕಾದಿರುತ್ತದೆ, ತಂತಿ ತುಂಡಾಗಿರುವುದಿಲ್ಲ, ಪ್ಯಾನಲ್‌ನಲ್ಲಿ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಅಂಕಿ ಸೊನ್ನೆ. ಶುದ್ಧ ಗಾಳಿಯಲ್ಲಿ ಆರೋಗ್ಯವಾಗಿರುವ ಸೆನ್ಸರ್ ತೋರಿಸುವುದೂ ಸೊನ್ನೆಯೇ. ಡಿಟೆಕ್ಟರ್‌ನಿಂದ ಪ್ಯಾನಲ್‌ಗೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಿನ ರೂಪದಲ್ಲಿ ಸಂದೇಶ ಹೋಗುತ್ತದೆ. ವೈರ್ ಕಡಿದರೆ ಅದು ನಾಲ್ಕಕ್ಕಿಂತ ಕೆಳಗಿಳಿದು ಪ್ಯಾನಲ್ ದೋಷ ಹೇಳುತ್ತದೆ. ಇಲಿ ಕಡಿದ ವೈರನ್ನು ಪ್ಯಾನಲ್ ಗುರುತಿಸಬಲ್ಲದು, ಸತ್ತ ಮಣಿಯನ್ನು ಗುರುತಿಸಲಾರದು. ಹಸಿರು ದೀಪ ನೋಡಿ ಎಲ್ಲ ಸರಿಯಿದೆ ಎನ್ನುವ ಸೆಕ್ಯುರಿಟಿ ಸಿಬ್ಬಂದಿಯದ್ದೇನೂ ತಪ್ಪಿಲ್ಲ. ಆ ದೀಪ ಏನನ್ನು ಹೇಳುವುದಿಲ್ಲ ಎಂಬುದನ್ನು ಅವರಿಗೆ ಯಾರೂ ತಿಳಿಸಿಕೊಟ್ಟಿರುವುದಿಲ್ಲ.

ಇನ್ಫ್ರಾರೆಡ್ ಸೆನ್ಸರ್‌ಗಳು ಬೆಳಕಿನ ಕಿರಣವನ್ನು ಗ್ಯಾಸ್ ಎಷ್ಟು ಹೀರಿತು ಎಂದು ಅಳೆಯುತ್ತವೆ. ಅವಕ್ಕೆ ಆಮ್ಲಜನಕ ಬೇಡ, ಸಿಲಿಕೋನ್‌ನ ಭಯವಿಲ್ಲ, ಬೆಳಕು ಕೆಟ್ಟರೆ ತಾವೇ ಹೇಳುತ್ತವೆ. ಬೆಲೆ ಜಾಸ್ತಿ. ಜೊತೆಗೆ ಹೈಡ್ರೋಜನ್ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಯುಪಿಎಸ್‌ನ ದೊಡ್ಡ ಬ್ಯಾಟರಿಗಳು ಚಾರ್ಜ್ ಆಗುವ ಕೋಣೆಗೆ ಅವು ತಕ್ಕವಲ್ಲ. ವಿಷಾನಿಲಗಳಿಗೆ ಬಳಸುವ ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ನೊಳಗೆ ದ್ರವವಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುವ ಅದು ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಬೇಗ ಬತ್ತಬಹುದು.

ಹೀಗಿರುವಾಗ ಸೆನ್ಸರ್ ಬದುಕಿದೆಯೇ ಎಂದು ತಿಳಿಯಲು ನಂಬಬಹುದಾದ ಹಾದಿ ಒಂದೇ. ಅದಕ್ಕೆ ಗ್ಯಾಸ್ ತೋರಿಸಬೇಕು.

ಈ ಕೆಲಸ ಸರಿಯಾಗಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಹೀಗಿರುತ್ತದೆ. ಹೋಟೆಲಾದರೆ ಟೆಕ್ನಿಷಿಯನ್ ಬರಬೇಕಾದದ್ದು ಮಧ್ಯಾಹ್ನದ ಊಟ ಮುಗಿದು, ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲು. ಪ್ಯಾನಲ್ ಇರುವ ಕೋಣೆಯಲ್ಲಿ ಒಬ್ಬರು, ಡಿಟೆಕ್ಟರ್ ಬಳಿ ಒಬ್ಬರು, ಕೈಯಲ್ಲಿ ಫೋನು. ಮೊದಲು ಬಿಲ್ಲೆಯನ್ನು ಒರೆಸಿ, ಶುದ್ಧ ಗಾಳಿಯಲ್ಲಿ ಅಂಕಿ ಸೊನ್ನೆಗೆ ನಿಂತಿದೆಯೇ ಎಂದು ನೋಡುತ್ತಾರೆ. ಆಮೇಲೆ ಚಿಕ್ಕ ಸಿಲಿಂಡರ್ ಹೊರಬರುತ್ತದೆ. ನೀರಿನ ಬಾಟಲಿಗಿಂತ ಸ್ವಲ್ಪ ದೊಡ್ಡದು. ಅದರ ಮೇಲಿನ ಚೀಟಿಯಲ್ಲಿ ಯಾವ ಗ್ಯಾಸ್, ಗಾಳಿಯಲ್ಲಿ ಎಷ್ಟು ಪ್ರಮಾಣ, ಅವಧಿ ಮುಗಿಯುವ ದಿನ ಎಲ್ಲವೂ ಇರಬೇಕು. ಸಾಮಾನ್ಯವಾಗಿ ಎಲ್‌ಇಎಲ್‌ನ ಅರ್ಧದಷ್ಟು ಸಾಂದ್ರತೆಯ ಮಿಶ್ರಣ ಅದು. ಸೆನ್ಸರ್ ಮೂತಿಗೆ ರಬ್ಬರಿನ ಟೋಪಿ ತೊಡಿಸಿ, ಕೊಳವೆ ಸಿಕ್ಕಿಸಿ, ನಿಮಿಷಕ್ಕೆ ಅರ್ಧ ಲೀಟರ್‌ನಂತೆ ಗ್ಯಾಸ್ ಬಿಡುತ್ತಾರೆ. ಪ್ಯಾನಲ್ ಬಳಿ ನಿಂತವರು ಅಂಕಿ ಓದುತ್ತಾರೆ: ಎಂಟು, ಇಪ್ಪತ್ತು, ಮೂವತ್ತೈದು, ನಲವತ್ತೇಳು. ಅರ್ಧ ನಿಮಿಷದೊಳಗೆ ಐವತ್ತರ ಹತ್ತಿರ ಹೋಗಿ ನಿಲ್ಲಬೇಕು. ಮೂವತ್ತಕ್ಕೇ ನಿಂತರೆ ತಿದ್ದಿ ಹೊಂದಿಸಬೇಕು. ಹೊಂದಿಸಲಾಗದಷ್ಟು ಮಂದವಾಗಿದ್ದರೆ ಸೆನ್ಸರ್ ಬದಲಿಸಬೇಕು. ಹೂಟರ್ ಕೂಗಿತೇ ಎಂದು ಕಿವಿಯಾರೆ ಕೇಳಬೇಕು. ವರ್ಷಕ್ಕೊಮ್ಮೆಯಾದರೂ ಸೊಲೆನಾಯ್ಡ್ ವಾಲ್ವ್ ನಿಜಕ್ಕೂ ಮುಚ್ಚಿ ಒಲೆ ಆರುವುದನ್ನು ಕಣ್ಣಾರೆ ನೋಡಬೇಕು.

ಗ್ಯಾಸ್ ತೋರಿಸಿ ಹೂಟರ್ ಕೂಗುತ್ತದೆಯೇ ಎಂದಷ್ಟೇ ನೋಡುವುದು ಬಂಪ್ ಟೆಸ್ಟ್. ಅಂಕಿಯನ್ನು ತಾಳೆ ನೋಡಿ ಹೊಂದಿಸುವುದು ಕ್ಯಾಲಿಬ್ರೇಶನ್. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಎಂಬುದು ಸಾಧಾರಣ ವಾಡಿಕೆ. ಜಿಡ್ಡು, ಧೂಳು ಇರುವ ಕಡೆ ಇನ್ನೂ ಬೇಗ. ಹೊತ್ತಿಕೊಳ್ಳುವ ಅನಿಲದ ಡಿಟೆಕ್ಟರ್‌ಗಳ ಆಯ್ಕೆ, ಅಳವಡಿಕೆ, ಬಳಕೆ, ನಿರ್ವಹಣೆಗೆಂದೇ ಐಎಸ್/ಐಇಸಿ 60079-29-2 ಎಂಬ ಮಾನದಂಡವಿದೆ. ಅಪಾರ್ಟ್‌ಮೆಂಟ್ ಸಂಘದವರು ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು ಬರೆಯುವಾಗ ಈ ಮಾನದಂಡದ ಹೆಸರನ್ನು ಅದರಲ್ಲಿ ಸೇರಿಸಿದರೆ ನಂತರದ ಜಗಳ ತಪ್ಪುತ್ತದೆ.

ಕ್ಯಾಲಿಬ್ರೇಶನ್ ಗ್ಯಾಸ್ ಇಲ್ಲದೆ ಬರುವ ಟೆಕ್ನಿಷಿಯನ್‌ಗಳು ಸಿಗರೇಟ್ ಲೈಟರ್ ತೆಗೆದು, ಬೆಂಕಿ ಹಚ್ಚದೆ ಗ್ಯಾಸ್ ಮಾತ್ರ ಸೆನ್ಸರ್‌ಗೆ ಊದುವುದುಂಟು. ಹೂಟರ್ ಕೂಗುತ್ತದೆ, ಎಲ್ಲರೂ ಸಮಾಧಾನಪಡುತ್ತಾರೆ. ಲೈಟರ್‌ನಿಂದ ಬರುವುದು ಹೆಚ್ಚುಕಡಿಮೆ ಶುದ್ಧ ಬ್ಯೂಟೇನ್. ಮುಕ್ಕಾಲು ಸತ್ತ ಸೆನ್ಸರ್ ಕೂಡ ಅಷ್ಟಕ್ಕೆ ಕೂಗಬಹುದು. ಎಲ್‌ಇಎಲ್‌ನ ಶೇ 20ಕ್ಕೆ ಕೂಗುತ್ತದೆಯೇ ಎಂಬುದು ಅದರಿಂದ ತಿಳಿಯುವುದೇ ಇಲ್ಲ. ಮೇಲಾಗಿ ಅಷ್ಟು ಸಾಂದ್ರ ಗ್ಯಾಸ್ ಮಣಿಯನ್ನು ಅತಿಯಾಗಿ ಕಾಯಿಸಿ ಕೆಡಿಸುತ್ತದೆ. ಲೈಟರ್ ಪರೀಕ್ಷೆಗೆ ಒಪ್ಪಿ ಸಹಿ ಹಾಕುವ ಮ್ಯಾನೇಜರ್, ಸಹಿ ಹಾಕದಿರುವುದೇ ಲೇಸು.

ಮನೆಗಳಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಡಿಟೆಕ್ಟರ್‌ಗಳಲ್ಲಿ ಹೆಚ್ಚಿನವು ತಾಗುಚಿಯ ತವರದ ಆಕ್ಸೈಡ್ ಸೆನ್ಸರ್‌ನ ವಂಶದವು. ಸೊಳ್ಳೆ ಸ್ಪ್ರೇ, ಸೆಂಟು, ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೂ ಅವು ಕೂಗಬಲ್ಲವು. ನಾಲ್ಕು ಸಲ ಸುಮ್ಮನೆ ಕೂಗಿದರೆ ಐದನೆಯ ಸಲ ಮನೆಯವರು ಪ್ಲಗ್ ಕಿತ್ತು ಮೊಬೈಲ್ ಚಾರ್ಜರ್ ಹಾಕುತ್ತಾರೆ. ದೊಡ್ಡ ಕಟ್ಟಡಗಳಲ್ಲೂ ಇದೇ ನಡೆಯುತ್ತದೆ, ಅಲ್ಲಿ ಹೂಟರ್‌ನ ವೈರ್ ಬಿಚ್ಚುತ್ತಾರೆ. ಸುಳ್ಳು ಕೂಗಿಗೆ ಜನರನ್ನು ಬೈದು ಫಲವಿಲ್ಲ. ಯಾವ ಹೊತ್ತಿಗೆ, ಅಡುಗೆಮನೆಯಲ್ಲಿ ಏನು ನಡೆಯುತ್ತಿದ್ದಾಗ ಕೂಗಿತು ಎಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರೆ ಕೆಲವೇ ವಾರಗಳಲ್ಲಿ ಕಾರಣ ಸಿಗುತ್ತದೆ: ದೋಸೆಕಲ್ಲಿನ ಬರ್ನರ್ ಹೊತ್ತುವ ಮುನ್ನ ಗ್ಯಾಸ್ ಹೆಚ್ಚು ಹೊತ್ತು ತೆರೆದಿರುವುದು, ಅಥವಾ ಮೂಲೆಯಲ್ಲಿ ಥಿನ್ನರ್ ಡಬ್ಬಿ ಇಟ್ಟಿರುವುದು. ಕೆಲವೊಮ್ಮೆ ಅದು ಸುಳ್ಳು ಕೂಗೇ ಅಲ್ಲ, ಹೋಸಿನಲ್ಲಿ ಸಣ್ಣ ಸೀಳು ಇರುತ್ತದೆ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೆ ಬೇರೆಯದೇ ಅನಿಲ. ಕಾರುಗಳ, ಡೀಸೆಲ್ ಜನರೇಟರ್‌ನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಆದ್ದರಿಂದ ಅದರ ಡಿಟೆಕ್ಟರ್ ಮನುಷ್ಯ ಉಸಿರಾಡುವ ಎತ್ತರದಲ್ಲಿ, ಸುಮಾರು ಐದಡಿಯಲ್ಲಿ ಇರಬೇಕು. ಪ್ರಮಾಣ ಏರಿದಾಗ ಫ್ಯಾನ್‌ಗಳು ತಾವಾಗಿ ತಿರುಗುವ ವ್ಯವಸ್ಥೆ ಬೆಂಗಳೂರಿನ ಹೊಸ ಕಟ್ಟಡಗಳಲ್ಲಿ ಇರುತ್ತದೆ. ಕರೆಂಟ್ ಬಿಲ್ ಉಳಿಸಲೆಂದು ಫ್ಯಾನನ್ನು ಮ್ಯಾನ್ಯುವಲ್‌ಗೆ ಹಾಕಿ ಬಂದ್ ಮಾಡಿಟ್ಟರೆ, ಇಡೀ ದಿನ ಅಲ್ಲೇ ಕುರ್ಚಿ ಹಾಕಿ ಕೂರುವ ವಾಚ್‌ಮನ್ ಮತ್ತು ಕಾರು ತೊಳೆಯುವವರು ಅದನ್ನು ಉಸಿರಾಡುತ್ತಾರೆ.

ಅದೇ ಬೇಸ್‌ಮೆಂಟಿನ ಇನ್ನೊಂದು ತುದಿಯಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಎಸ್‌ಟಿಪಿ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಕೊಂಚ ಭಾರ. ತೀರ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಸುಮಾರು 100 ಪಿಪಿಎಂ ಆಗುವ ಹೊತ್ತಿಗೆ ಮೂಗಿನ ನರವೇ ಸೋತು ನಾತ ಮಾಯವಾಗುತ್ತದೆ. ವಾಸನೆ ಹೋಯಿತೆಂದು ಧೈರ್ಯ ತಾಳುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಎಸ್‌ಟಿಪಿ ಕೋಣೆಯ ಗೋಡೆಯಲ್ಲಿರುವ ಡಿಟೆಕ್ಟರ್ ಆ ಕೋಣೆಯ ಗಾಳಿಯನ್ನು ಮಾತ್ರ ಬಲ್ಲದು. ಟ್ಯಾಂಕಿನೊಳಗೆ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗೋಡೆಯಲ್ಲಿ ಸೊನ್ನೆ ಇದೆ ಎಂದು ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಕೊಲೆಗೆ ಸಮ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅಂಥ ಅಪಾಯಕಾರಿ ಶುಚಿಗೊಳಿಸುವಿಕೆಯನ್ನು ನಿಷೇಧಿಸಿದ ಮೇಲೂ ಜನ ಸಾಯುತ್ತಿದ್ದಾರೆ.

ಕರಾವಳಿಯ ಮಂಗಳೂರು, ಮಲ್ಪೆಗಳ ಐಸ್ ಪ್ಲಾಂಟ್‌ಗಳಲ್ಲಿ, ಬ್ಯಾಡಗಿಯಂಥ ಕಡೆಯ ಶೈತ್ಯಾಗಾರಗಳಲ್ಲಿ ತಂಪು ಹುಟ್ಟಿಸಲು ಅಮೋನಿಯಾ ಬಳಸುವುದುಂಟು. ಅದರ ಸರಾಸರಿ ಮಿತಿಯನ್ನು ಕಾರ್ಖಾನೆ ಕಾಯ್ದೆ ಎಂಟು ಗಂಟೆಗಳಿಗೆ 25 ಪಿಪಿಎಂ ಎಂದು ಹಾಕಿತ್ತು, ಅಲ್ಪ ಹೊತ್ತಿಗೆ 35. ಅಮೋನಿಯಾ ಗಾಳಿಗಿಂತ ಹಗುರ, ಡಿಟೆಕ್ಟರ್ ಮೇಲೆಯೇ ಇರಲಿ ಎಂದು ಪುಸ್ತಕ ಓದಿದವರು ಹೇಳುತ್ತಾರೆ. ಆದರೆ ಒತ್ತಡದಲ್ಲಿರುವ ದ್ರವ ಅಮೋನಿಯಾ ಸೋರಿದಾಗ ಮೊದಲು ತಣ್ಣನೆಯ ಬಿಳಿ ಮಂಜಾಗಿ ನೆಲ ಹಿಡಿದು ಹರಿಯುತ್ತದೆ. ಕಂಪ್ರೆಸರ್ ಕೋಣೆಯ ಸೂರಿನ ಬಳಿ ಒಂದು, ದ್ರವ ತುಂಬಿದ ಟ್ಯಾಂಕಿನ ಬುಡದ ಬಳಿ ಒಂದು ಎಂದು ಎರಡೂ ಎತ್ತರದಲ್ಲಿ ಡಿಟೆಕ್ಟರ್ ಬೇಕಾಗುವುದು ಇದಕ್ಕೇ. ಈ ಸೆನ್ಸರ್‌ಗಳಲ್ಲಿ ಹಲವಕ್ಕೆ ಅಮೋನಿಯಾ ತಾಗಿದ ಪ್ರತಿ ಸಲವೂ ಆಯಸ್ಸು ಸ್ವಲ್ಪ ಕರಗುತ್ತದೆ. ಸದಾ ಕೊಂಚ ಘಾಟು ಇರುವ ಹಳೆಯ ಪ್ಲಾಂಟಿನಲ್ಲಿ ಅವು ಲೆಕ್ಕಕ್ಕಿಂತ ಬೇಗ ಮುಗಿದುಹೋಗುತ್ತವೆ.

ಹೊಸ ಕಟ್ಟಡವನ್ನು ಬಿಲ್ಡರ್‌ನಿಂದ ವಹಿಸಿಕೊಳ್ಳುವಾಗ ಸಂಘದವರು ಲಿಫ್ಟು, ಜನರೇಟರು, ಈಜುಕೊಳಗಳ ಕಾಗದವನ್ನು ಗಟ್ಟಿಸಿ ಕೇಳುತ್ತಾರೆ. ಅದೇ ಪಟ್ಟಿಗೆ ಒಂದು ಹಾಳೆ ಸೇರಬೇಕು: ಪ್ರತಿ ಡಿಟೆಕ್ಟರ್‌ನ ಜಾಗ, ಅದು ಯಾವ ಗ್ಯಾಸಿನದ್ದು, ಸೆನ್ಸರ್ ತಯಾರಾದ ತಿಂಗಳು, ಕೊನೆಯ ಕ್ಯಾಲಿಬ್ರೇಶನ್‌ನ ದಿನ, ಬಳಸಿದ ಗ್ಯಾಸ್ ಸಿಲಿಂಡರ್‌ನ ಸರ್ಟಿಫಿಕೇಟ್, ಕರೆಂಟ್ ಹೋದಾಗ ಪ್ಯಾನಲ್ ಎಷ್ಟು ಗಂಟೆ ಬ್ಯಾಟರಿಯಲ್ಲಿ ನಡೆಯುತ್ತದೆ ಎಂಬ ಮಾಹಿತಿ. ಸೆನ್ಸರ್‌ನ ಆಯಸ್ಸು ಅದು ತಯಾರಾದ ಹೊತ್ತಿನಿಂದಲೇ ಕಳೆಯುತ್ತ ಬರುತ್ತದೆ. ಅಂಗಡಿಯ ಕಪಾಟಿನಲ್ಲಿ ಒಂದು ವರ್ಷ ಕೂತು ಬಂದ ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ನಲ್ಲಿ ಉಳಿದಿರುವುದು ಒಂದೆರಡು ವರ್ಷ ಮಾತ್ರ. ಖರೀದಿಯ ಕೊಟೇಶನ್ ಪಡೆಯುವಾಗ ಡಿಟೆಕ್ಟರ್‌ನ ಬೆಲೆಯ ಜೊತೆಗೆ ಬದಲಿ ಸೆನ್ಸರ್‌ನ ಬೆಲೆ, ವರ್ಷದ ಕ್ಯಾಲಿಬ್ರೇಶನ್ ಖರ್ಚು ಎರಡನ್ನೂ ಬರೆಸಿಕೊಂಡರೆ, ಮೂರನೆಯ ವರ್ಷದ ಸಾಮಾನ್ಯ ಸಭೆಯಲ್ಲಿ ಆ ಬಾಬ್ತಿಗೆ ಹಣ ಎತ್ತಿಡಲು ಯಾರೂ ಹೊಸದಾಗಿ ವಾದಿಸಬೇಕಾಗುವುದಿಲ್ಲ.